ಸನ್ಯಾಸಿ ವೇಷದ ಮದುಮಗ



ಹೋದ ತಿಂಗಳು ಒಂದು ಭಾನುವಾರ ಹಿಂಜವಡಿಯ ಹುಡುಗನೊಬ್ಬ ನಮ್ಮ ಕಾರ್ಯಕ್ರಮಕ್ಕೆ ಮೆಸೇಜ್ ಕಳಿಸಿದ್ದ. "ಮೇಡಂ, ಸ್ಕಾಟ್ ಪಿಲ್‌ಗ್ರಿಮ್ ಸಿನಿಮಾ ನೋಡಿದೀರಾ? ಆ ಥರದ್ದು ಕನ್ನಡದಲ್ಲಿ ಯಾಕೆ ಬರಲ್ಲ?" ಅಂತ. ನಾನು ನೋಡಿರಲಿಲ್ಲ. ಅವತ್ತೇ ರಾತ್ರಿ ಕೂತು ನೋಡಿದೆ. 2010ರ ಚಿತ್ರ. ಟೊರೊಂಟೊ ಊರಿನಲ್ಲಿ ಗಿಟಾರ್ ಬಾರಿಸಿಕೊಂಡಿರುವ ಒಬ್ಬ ಪೆದ್ದು ಹುಡುಗ, ಅವನಿಗೆ ಒಬ್ಬಳು ಹುಡುಗಿಯ ಮೇಲೆ ಮನಸ್ಸು. ಆದರೆ ಅವಳು ಸಿಗಬೇಕಾದರೆ ಅವಳ ಹಿಂದಿನ ಪ್ರೇಮಿಗಳು ಏಳು ಜನರನ್ನೂ ಒಬ್ಬೊಬ್ಬರಾಗಿ ಹೊಡೆದು ಗೆಲ್ಲಬೇಕು! ಪ್ರೇಮ, ಹೊಡೆದಾಟ, ನಗು ಮೂರನ್ನೂ ಮಿಕ್ಸಿಗೆ ಹಾಕಿದ ಹಾಗೆ.

ಮುಂದಿನ ವಾರ ಆ ಹುಡುಗನಿಗೆ ಗಾಳಿಯಲ್ಲೇ ಉತ್ತರ ಕೊಟ್ಟೆ. "ಬಂದಿದೆಯಪ್ಪ, ಇದೇ ಪುಣೆಯಲ್ಲಿ ಬಂದಿದೆ. 1882ರಲ್ಲಿ! ಹೆಸರು ಸಂಗೀತ ಸೌಭದ್ರ. ಏನು ಮಾಡುವುದು, ಅದು ಮರಾಠಿ ನಾಟಕ, ಬರೆದವರು ಪುಣೆಯ ಅಣ್ಣಾಸಾಹೇಬ ಕಿರ್ಲೋಸ್ಕರರು" ಅಂದುಬಿಟ್ಟೆ. ಹಾಡು ಮುಗಿಯುವುದರೊಳಗೆ ಫೋನು. ಆ ಕಡೆಯಿಂದ ಹಿರಿಯರೊಬ್ಬರ ದನಿ.

"ಅಲ್ಲವಾ ತಂಗಿ, ಅಣ್ಣಾಸಾಹೇಬರು ಪುಣೇದವರು ಅಂತ ಯಾರು ಹೇಳ್ಯಾರ ನಿನಗ? ಅವರು ನಮ್ಮ ಗುರ್ಲಹೊಸೂರದವರು. ಸವದತ್ತಿ ಎಲ್ಲಮ್ಮನ ಗುಡ್ಡದ ಕಡೇವರು."

ಕನ್ನಡದಲ್ಲಿ ಬಿಎ ಮಾಡಿ, ದಿನಾ ಮೈಕಿನ ಮುಂದೆ ಕೂತು ಮಾತಾಡುವವಳಿಗೆ ಆ ಹೊತ್ತು ನಾಲಿಗೆ ಹೊರಳಲಿಲ್ಲ. ಹಾಗಾಗಿ ಈ ತಿಂಗಳ ಪುಟ ಒಂದು ರೀತಿಯಲ್ಲಿ ನನ್ನ ತಪ್ಪೊಪ್ಪಿಗೆ. ಕಥೆಯೂ ಸೊಗಸಾಗಿದೆ, ಓದಿ.

ಪುಣೆಯಲ್ಲಿ ಕಿರ್ಲೋಸ್ಕರ್ ಅಂದರೆ ನಮಗೆಲ್ಲ ತಕ್ಷಣ ನೆನಪಾಗುವುದು ನೀರಿನ ಪಂಪು, ಡೀಸೆಲ್ ಎಂಜಿನ್. ಆ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದೂ ಅದೇ ಗುರ್ಲಹೊಸೂರಿನಲ್ಲಿ, 1869ರಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಅವರು ಸೈಕಲ್ ಅಂಗಡಿ ಇಟ್ಟರು. ಆದರೆ ಅದಕ್ಕೂ ಮೊದಲೇ ಈ ಊರಿನ ಮಂದಿಗೆ ಕಿರ್ಲೋಸ್ಕರ್ ಅಂದರೆ ನಾಟಕ ಕಂಪನಿ! ಬಳವಂತ ಪಾಂಡುರಂಗ ಕಿರ್ಲೋಸ್ಕರ್, ಎಲ್ಲರ ಬಾಯಲ್ಲಿ ಅಣ್ಣಾಸಾಹೇಬ, ಹುಟ್ಟಿದ್ದು 1843ರ ಮಾರ್ಚ್ 31ರಂದು. ಮನೆಮಾತು ಮರಾಠಿ, ಬೀದಿಮಾತು ಕನ್ನಡ. ಬೆಳಗಾವಿ ಸೀಮೆಯಲ್ಲಿ ಇದೇನು ಹೊಸದಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇವತ್ತಿಗೂ ಅಡುಗೆಮನೆಗೊಂದು ಭಾಷೆ, ಅಂಗಳಕ್ಕೊಂದು ಭಾಷೆ ಇದ್ದೇ ಇದೆಯಲ್ಲ?

ಪುಣೆಗೆ ಓದಲು ಬಂದ ಹುಡುಗನಿಗೆ ಪುಸ್ತಕಕ್ಕಿಂತ ನಾಟಕದ ಗೀಳು. ಮುಂದೆ ಶಾಲೆಯಲ್ಲಿ ಪಾಠ ಹೇಳಿದ್ದಾಯಿತು, ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದ್ದಾಯಿತು. ಗೀಳು ಬಿಡಲಿಲ್ಲ. ಪಾರ್ಸಿ ಕಂಪನಿಯ 'ಇಂದ್ರಸಭಾ' ನೋಡಿದ್ದೇ ನೆಪ, ಹಾಡುಗಳಿಂದ ತುಂಬಿದ ನಾಟಕ ಮರಾಠಿಯಲ್ಲೂ ಯಾಕಾಗಬಾರದು ಅನ್ನಿಸಿತು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ' ರಂಗಕ್ಕೆ ಬಂತು. ಅದು ಕಾಳಿದಾಸನ ಕಥೆ. ಅದರ ಯಶಸ್ಸಿನ ಬೆನ್ನಲ್ಲೇ ಅಣ್ಣಾಸಾಹೇಬರು ಸ್ವಂತವಾಗಿ ಹೆಣೆದದ್ದು 'ಸೌಭದ್ರ'. 1882ರ ನವೆಂಬರ್ 18ರಂದು ಮೊದಲ ಮೂರು ಅಂಕಗಳನ್ನಷ್ಟೇ ಆಡಿದರು. ಉಳಿದೆರಡು ಅಂಕ ಸೇರಿ ಪೂರ್ಣ ನಾಟಕ ಬಂದದ್ದು ಮುಂದಿನ ವರ್ಷ. ಇವತ್ತಿನ ಭಾಷೆಯಲ್ಲಿ ಪಾರ್ಟ್ ಒನ್, ಪಾರ್ಟ್ ಟೂ!

ಕಥೆ ನಿಮಗೆ ಗೊತ್ತಿರುವುದೇ. ತೀರ್ಥಯಾತ್ರೆಗೆ ಹೊರಟ ಅರ್ಜುನನಿಗೆ ಸುಭದ್ರೆಯ ಮೇಲೆ ಪ್ರೀತಿ. ಅವಳಿಗೂ ಅಷ್ಟೇ. ಆದರೆ ಅಣ್ಣ ಬಲರಾಮ ಅವಳನ್ನು ದುರ್ಯೋಧನನಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟು ಕೂತಿದ್ದಾನೆ. ಈ ಸುದ್ದಿ ತರುವವನು ನಾರದ, ಇನ್ಯಾರು! ಕೇಳಿದ ಅರ್ಜುನ ಬಿಲ್ಲು ಎತ್ತುವ ಬದಲು ಸನ್ಯಾಸಿಯಾಗುತ್ತೇನೆ ಅನ್ನುತ್ತಾನೆ. ಗಾಂಡೀವಧಾರಿ ಪ್ರೇಮಭಂಗವಾದ ಕಾಲೇಜು ಹುಡುಗನ ಹಾಗೆ ಆಡುವುದನ್ನು ನೋಡಿಯೇ ಜನ ನಕ್ಕಿರಬೇಕು. ಇನ್ನೊಂದು ಕಡೆ ಎಲ್ಲ ಸೂತ್ರ ಕೈಯಲ್ಲಿಟ್ಟುಕೊಂಡ ಕೃಷ್ಣ, ಏನೂ ಗೊತ್ತಿಲ್ಲದವನ ಹಾಗೆ ಹೆಂಡತಿ ರುಕ್ಮಿಣಿಯನ್ನು ಗೋಳು ಹೊಯ್ದುಕೊಳ್ಳುತ್ತಾನೆ. ರಾತ್ರಿ ಘಟೋತ್ಕಚ ಬಂದು ಸುಭದ್ರೆಯನ್ನು ಎತ್ತಿಕೊಂಡು ಹೋಗುತ್ತಾನೆ. ಕಾಡು, ರಾಕ್ಷಸ, ಬಿಡಿಸಲು ಬರುವ ಅರ್ಜುನ. ಆಕ್ಷನ್ ಬೇಕಿತ್ತಲ್ಲ, ಇಗೋ ಬಂತು. ಕೊನೆಗೆ ಸನ್ಯಾಸಿ ವೇಷದ ಅರ್ಜುನನನ್ನು ಬಲರಾಮನೇ ಮಹಾತಪಸ್ವಿ ಅಂತ ನಂಬಿ, ಕೈಮುಗಿದು ಮನೆಗೆ ಕರೆದುಕೊಂಡು ಬಂದು, "ತಂಗೀ, ಯತಿಗಳ ಸೇವೆ ಮಾಡಮ್ಮಾ" ಅನ್ನುವ ಮಟ್ಟಕ್ಕೆ ಕೆಲಸ ಕೈಗೂಡುತ್ತದೆ. ಕಳ್ಳನ ಕೈಗೆ ಬೀಗದ ಕೈ ಅಂದರೆ ಇದೇ.

ಇಲ್ಲಿ ಒಂದು ವಿಷಯ ಗಮನಿಸಿ. ವ್ಯಾಸಭಾರತದ ಮುಖ್ಯ ಕಥೆಯಲ್ಲಿ ಕೃಷ್ಣನ ಸಲಹೆಯಂತೆ ಅರ್ಜುನ ರೈವತಕ ಬೆಟ್ಟದ ಹತ್ತಿರ ಸುಭದ್ರೆಯನ್ನು ರಥಕ್ಕೆ ಹತ್ತಿಸಿಕೊಂಡು ಹೊರಟೇಬಿಡುತ್ತಾನೆ. ಸ್ವಯಂವರ ಇಟ್ಟರೆ ಹುಡುಗಿಯ ಮನಸ್ಸು ಯಾರ ಕಡೆ ತಿರುಗುತ್ತದೋ ಹೇಳಲಾಗದು ಅಂತ ಕೃಷ್ಣನ ಲೆಕ್ಕಾಚಾರ. ಹುಡುಗಿಯನ್ನು ಕೇಳಿದವರು ಯಾರೂ ಇಲ್ಲ! ತ್ರಿದಂಡಿ ಸನ್ಯಾಸಿಯ ವೇಷ ಬರುವುದು ಭಾಗವತದಲ್ಲಿ. ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಲಿಯುತ್ತಾರೆ. ಅಣ್ಣಾಸಾಹೇಬರು ಎತ್ತಿಕೊಂಡದ್ದು ಈ ಎಳೆಯನ್ನು. ನಮ್ಮ ಯಕ್ಷಗಾನದವರೂ 'ಸುಭದ್ರಾ ಕಲ್ಯಾಣ' ಆಡುತ್ತಾರೆ, ಕರಾವಳಿಯಿಂದ ಬಂದ ಕೇಳುಗರಿಗೆ ಅದು ಚೆನ್ನಾಗಿ ಗೊತ್ತು.

ಯಕ್ಷಗಾನದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1842ರ ಸುಮಾರಿಗೆ ಹೊನ್ನಾವರದ ಹತ್ತಿರದ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು. ಅದನ್ನು ನೋಡಿದ ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲಿ ಇಂಥದ್ದು ಮಾಡು ಅಂದರು. 1843ರಲ್ಲಿ 'ಸೀತಾ ಸ್ವಯಂವರ' ಆಯಿತು. ಮರಾಠಿ ರಂಗಭೂಮಿ ತನ್ನ ಹುಟ್ಟುಹಬ್ಬವನ್ನು ಆ ದಿನದಿಂದಲೇ ಎಣಿಸುತ್ತದೆ. ಭಾವೆಯವರ ನಾಟಕದಲ್ಲಿ ನಮ್ಮ ಭಾಗವತರ ಹಾಗೆಯೇ ಸೂತ್ರಧಾರನೇ ಎಲ್ಲರ ಹಾಡನ್ನೂ ಹಾಡುತ್ತಿದ್ದ. ಅಣ್ಣಾಸಾಹೇಬರು ಮಾಡಿದ ದೊಡ್ಡ ಬದಲಾವಣೆ ಇದು: ಪಾತ್ರಗಳೇ ತಮ್ಮ ಹಾಡು ತಾವೇ ಹಾಡಲಿ ಅಂದರು. ಸಾಕಿ, ದಿಂಡಿ, ಲಾವಣಿ ಜೊತೆಗೆ ತಾವು ಕೇಳಿ ಬೆಳೆದ ಕರ್ನಾಟಕದ ಧಾಟಿಗಳನ್ನೂ ತಂದರು. ಬೆಳಗಾವಿ ಸೀಮೆಯಲ್ಲಿ ಆಗ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತದ ಆಟ ನಡೆಯುತ್ತಿತ್ತು. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಂಡು, ಸವತಿಯ ಮೇಲಿನ ಸಿಟ್ಟಿಗೆ ಕೃಷ್ಣನ ಪ್ರಾಣ ಹಿಂಡುವ ಆಟ. 'ಸೌಭದ್ರ'ದ ಕೃಷ್ಣ ರುಕ್ಮಿಣಿಯ ಹತ್ತಿರ ಮಾತಾಡುವ ವೈಖರಿ ನೋಡಿದರೆ ಪಾರಿಜಾತ ಕಂಡವರಿಗೆ ಹಳೇ ಪರಿಚಯದವರು ಸಿಕ್ಕ ಹಾಗಾಗುತ್ತದೆ. ಇದು ನನ್ನ ಅನಿಸಿಕೆ, ಒಪ್ಪದವರು ಪತ್ರ ಬರೆಯಿರಿ.

ಪಾತ್ರಗಳೇ ಹಾಡುವುದರಲ್ಲಿ ಏನು ವಿಶೇಷ ಅನ್ನುತ್ತೀರಾ? ಆ ಕಾಲದ ಪುಣೆಯನ್ನು ಒಂದು ಗಳಿಗೆ ಕಣ್ಣ ಮುಂದೆ ತಂದುಕೊಳ್ಳಿ. ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆಯವರು ಆಗ ಇದೇ ಊರಿನಲ್ಲಿದ್ದರು. ವಿಧವಾ ವಿವಾಹದ ಪರ ದನಿ ಎತ್ತಿದವರು. 1873ರಲ್ಲಿ ಅವರ ಮೊದಲ ಹೆಂಡತಿ ತೀರಿಕೊಂಡಾಗ, ಇವರು ವಿಧವೆಯನ್ನೇ ಮದುವೆಯಾಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ತಂದೆಯ ಹಟಕ್ಕೆ ಮಣಿದು ಅದೇ ವರ್ಷ ಹನ್ನೊಂದು ವರ್ಷದ ರಮಾಬಾಯಿಯನ್ನು ಮದುವೆಯಾದರು. ಅವರಿಗೆ ಮೂವತ್ತೊಂದು. ಮುಂದೆ ಆ ರಮಾಬಾಯಿ ಎಷ್ಟು ದೊಡ್ಡವರಾದರು ಅನ್ನುವುದು ಬೇರೆ ಮಾತು, ಪುಣೆಯ ಸೇವಾಸದನದ ಮುಂದೆ ಹೋದರೆ ನೆನೆಸಿಕೊಳ್ಳಿ. ಆದರೆ ಆ ದಿನ ಆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಸುಧಾರಕರ ಮನೆಯಲ್ಲೇ ಹೀಗಾದರೆ ಉಳಿದವರ ಮನೆ?

ಇಂಥ ಊರಿನ ರಂಗದ ಮೇಲೆ ಸುಭದ್ರೆ ನಿಂತು, ನನಗೆ ಇವನು ಬೇಡ, ಅವನು ಬೇಕು ಅಂತ ತನ್ನ ಬಾಯಿಂದ ಹಾಡಿ ಹೇಳುತ್ತಾಳೆ. ಅಣ್ಣ ಆರಿಸಿದ ವರ ಬೇಡ ಅನ್ನುವ ತಂಗಿ! ಜನ ಚಪ್ಪಾಳೆ ತಟ್ಟಿದರು, ಮತ್ತೊಮ್ಮೆ ಹಾಡು ಅಂದರು. ಸುಭದ್ರೆಯಾಗಿ ನಿಂತವನು ಬರೋಡದಿಂದ ಬಂದ ಭಾವೂರಾವ್ ಕೊಲ್ಹಟ್ಕರ್, ಆಗಿನ್ನೂ ಹತ್ತೊಂಬತ್ತರ ಹುಡುಗ. ಹೆಣ್ಣಿನ ಮಾತನ್ನು ಗಂಡು ಸೀರೆಯುಟ್ಟು ಹೇಳಿದರೆ ಕೇಳಲು ಹಿತ, ಪುರಾಣದ ಹೆಣ್ಣು ಹೇಳಿದರೆ ಇನ್ನೂ ಹಿತ.

ನಿಜವಾದ ಹೆಣ್ಣು ಹೇಳಿದಾಗ ಏನಾಯಿತು? 'ಸೌಭದ್ರ' ಬಂದ ಎರಡೇ ವರ್ಷಕ್ಕೆ, 1884ರಲ್ಲಿ, ಮುಂಬಯಿಯಲ್ಲಿ ರಖ್ಮಾಬಾಯಿಯ ಮೇಲೆ ಗಂಡ ದಾದಾಜಿ ಭಿಕಾಜಿ ಮೊಕದ್ದಮೆ ಹೂಡಿದ. ಹನ್ನೊಂದನೆಯ ವಯಸ್ಸಿನಲ್ಲಿ ಅವಳಿಗೆ ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ, ಈ ಗಂಡನ ಮನೆಗೆ ನಾನು ಹೋಗಲಾರೆ, ಮದುವೆಯಾದಾಗ ನನಗೆ ಬುದ್ಧಿ ತಿಳಿದಿರಲಿಲ್ಲ ಅಂದಳು. 1885ರಲ್ಲಿ ತೀರ್ಪು ಅವಳ ಪರ ಬಂತು. ಮೇಲ್ಮನವಿಯ ನಂತರ 1887ರಲ್ಲಿ, ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದಾಯಿತು. ಜೈಲಿಗೇ ಹೋಗುತ್ತೇನೆ ಅಂದಳು ಆ ಗಟ್ಟಿಗಿತ್ತಿ. 1888ರಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು, ಅವಳು ಇಂಗ್ಲೆಂಡಿಗೆ ಹೋಗಿ ಓದಿ ಡಾಕ್ಟರಾದಳು. ಪುಣೆಯಲ್ಲಿ ತಿಲಕರ 'ಕೇಸರಿ' ರಖ್ಮಾಬಾಯಿಯ ವಿರುದ್ಧ ನಿಂತಿತು. 1891ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾನೂನು ಬಂದಾಗಲೂ ಅದೇ ಗದ್ದಲ. ರಾತ್ರಿ ಸುಭದ್ರೆಗೆ ಚಪ್ಪಾಳೆ ತಟ್ಟಿದ ಕೈಗಳೇ ಬೆಳಿಗ್ಗೆ ರಖ್ಮಾಬಾಯಿಯನ್ನು ಬೈದು ಬರೆದಿರಬೇಕು. ನನಗೆ ಇದನ್ನು ಓದಿದಾಗ ನಗುವೂ ಬಂತು, ಸಿಟ್ಟೂ ಬಂತು. ಅಣ್ಣಾಸಾಹೇಬರು ಈ ಗದ್ದಲ ನೋಡಲು ಇರಲಿಲ್ಲ. 1885ರ ನವೆಂಬರ್ ತಿಂಗಳಲ್ಲಿ, ನಲವತ್ತೆರಡನೆಯ ವಯಸ್ಸಿಗೇ, 'ರಾಮರಾಜ್ಯವಿಯೋಗ' ನಾಟಕವನ್ನು ಅರ್ಧಕ್ಕೆ ಬಿಟ್ಟು ಹೋದರು.

ಈಗ ನಮ್ಮ ಹಿಂಜವಡಿ ಹುಡುಗನ ಪ್ರಶ್ನೆಯ ಇನ್ನೊಂದು ಭಾಗ. ಹಳೇ ಪ್ರೇಮಗಳು ಎಲ್ಲಿ? ಆ ಇಂಗ್ಲಿಷ್ ಸಿನಿಮಾದಲ್ಲಿ ಹಳೇ ಲೆಕ್ಕವೆಲ್ಲ ಹುಡುಗಿಯದು. ಅಲ್ಲಿ ಏಳು. ನಮ್ಮಲ್ಲಿ ಹಳೇ ಲೆಕ್ಕ ಹುಡುಗನದು! ಅರ್ಜುನ ಯಾತ್ರೆಗೆ ಹೊರಟಿದ್ದೇ ಮನೆಯಲ್ಲಿದ್ದ ದ್ರೌಪದಿಯ ಕಾರಣಕ್ಕೆ. ಅವಳು ಧರ್ಮರಾಯನ ಜೊತೆಗಿದ್ದಾಗ ಆಯುಧ ತರಲು ಒಳಗೆ ಹೋದ ತಪ್ಪಿಗೆ ಹನ್ನೆರಡು ವರ್ಷದ ವನವಾಸ. ಬ್ರಹ್ಮಚರ್ಯದ ವ್ರತ ಅಂತ ಹೊರಟವನು ದಾರಿಯಲ್ಲಿ ನಾಗಕನ್ಯೆ ಉಲೂಪಿ, ಆಮೇಲೆ ಚಿತ್ರಾಂಗದೆ, ಆಮೇಲೆ ದ್ವಾರಕೆಗೆ ಬಂದು ಸುಭದ್ರೆ! 'ಸೌಭದ್ರ' ನಾಟಕ ಈ ಬಾಕಿ ಲೆಕ್ಕ ಚುಕ್ತಾ ಮಾಡಲು ಕೂರುವುದಿಲ್ಲ, ಮದುವೆ ಮಾಡಿಸಿ ಪರದೆ ಇಳಿಸುತ್ತದೆ. ಆದರೆ ವ್ಯಾಸರು ಬಿಡುವವರಲ್ಲ. ಹೊಸ ಹೆಂಡತಿಯನ್ನು ಕರೆದುಕೊಂಡು ಅರ್ಜುನ ಊರಿಗೆ ಬಂದಾಗ ದ್ರೌಪದಿ ಮುಖ ತಿರುಗಿಸಿ ಚುಚ್ಚುತ್ತಾಳೆ. ಅರ್ಜುನ ಬೇಡಿಕೊಂಡರೂ ಕರಗುವುದಿಲ್ಲ. ಆಗ ಅವನು ಸುಭದ್ರೆಗೆ ಗೊಲ್ಲತಿಯ ಉಡುಗೆ ಉಡಿಸಿ ಒಳಗೆ ಕಳಿಸುತ್ತಾನೆ. ಅವಳು ಹೋಗಿ ದ್ರೌಪದಿಗೆ ನಮಸ್ಕರಿಸಿ, ನಾನು ನಿನ್ನ ದಾಸಿ ಅನ್ನುತ್ತಾಳೆ. ದ್ರೌಪದಿ ಎದ್ದು ಅಪ್ಪಿಕೊಳ್ಳುತ್ತಾಳೆ. ಅರಮನೆಯಲ್ಲಿ ಹುಟ್ಟಿದ ಹುಡುಗಿ ಗೊಲ್ಲತಿಯಾಗಿ ನಿಲ್ಲಬೇಕಾಯಿತು. ಎಡವಟ್ಟು ಮಾಡಿದವನು ಗಂಡ, ತಲೆ ಬಾಗಿಸಿದವಳು ಹೆಂಡತಿ. ಈ ದೃಶ್ಯಕ್ಕೆ ಯಾರಾದರೂ ಒಳ್ಳೆಯ ನಾಟಕ ಬರೆದರೆ ನಾನು ಮೊದಲ ಟಿಕೆಟ್ ಕೊಳ್ಳುತ್ತೇನೆ.

ನಮ್ಮ ಪಂಪ ಈ ಸಮಸ್ಯೆಯನ್ನು ಬಗೆಹರಿಸಿದ ರೀತಿ ಇನ್ನೂ ವಿಚಿತ್ರ. ಕ್ರಿ.ಶ. 941ರ ಸುಮಾರಿಗೆ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಐವರ ಹೆಂಡತಿಯೇ ಅಲ್ಲ, ಅರ್ಜುನನಿಗೆ ಮಾತ್ರ. ಅಷ್ಟಾಗಿಯೂ ಕೊನೆಗೆ ಹಸ್ತಿನಾಪುರದ ಪಟ್ಟವಾಗುವಾಗ ಅರ್ಜುನನ ಪಕ್ಕ ಪಟ್ಟದ ರಾಣಿಯಾಗಿ ಕೂರುವವಳು ಸುಭದ್ರೆ. ಬಿಎ ಕ್ಲಾಸಿನಲ್ಲಿ ಇದನ್ನು ಓದಿದಾಗ ನಮ್ಮ ಬೆಂಚಿನ ಹುಡುಗಿಯರೆಲ್ಲ ದ್ರೌಪದಿಯ ಪರ ಜಗಳಕ್ಕೆ ನಿಂತಿದ್ದೆವು. ಮೇಷ್ಟರು ಸುಮ್ಮನೆ ನಗುತ್ತಿದ್ದರು. ಇನ್ನೊಂದು ಮಾತು, ಪುಣೆಯಲ್ಲಿರುವ ನಮಗೆ ಹತ್ತಿರದ್ದು. ತಾಯ್ನಾಡು ಬಿಟ್ಟ ಕನ್ನಡಿಗರೆಲ್ಲ ಒಮ್ಮೆಯಾದರೂ ಹೇಳಿಕೊಳ್ಳುವ ಆ ಬನವಾಸಿ ಪದ್ಯ ಇದೆಯಲ್ಲ, ಅದು ಬರುವುದು ಇದೇ ಯಾತ್ರೆಯ ನಡುವೆ, ನಾಲ್ಕನೆಯ ಆಶ್ವಾಸದಲ್ಲಿ. ಸುಭದ್ರೆಯ ಊರಿಗೆ ಹೋಗುವ ದಾರಿಯಲ್ಲಿ ಅರ್ಜುನನನ್ನು ಬನವಾಸಿಗೆ ಕರೆತಂದು, ಪಂಪ ತನ್ನ ನಾಡಿನ ಹಂಬಲವನ್ನು ಅಲ್ಲಿ ತೋಡಿಕೊಂಡಿದ್ದಾನೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಅದನ್ನು ಹೇಳುವಾಗ, ಇದು ಒಂದು ಪ್ರೇಮಕಥೆಯ ನಡುವಿನ ಪದ್ಯ ಅನ್ನುವುದು ಎಷ್ಟು ಜನಕ್ಕೆ ನೆನಪಿರುತ್ತದೆ?

ಹೊಡೆದಾಟ ಇನ್ನೂ ಬಾಕಿ ಇದೆ. ಬಿಟ್ಟುಬಂದ ಚಿತ್ರಾಂಗದೆಯ ಮಗ ಬಭ್ರುವಾಹನ ಬೆಳೆದು ದೊಡ್ಡವನಾಗಿ, ಅಶ್ವಮೇಧದ ಕುದುರೆಯ ಹಿಂದೆ ಬಂದ ಅಪ್ಪನನ್ನೇ ಬಾಣದಿಂದ ಕೆಡವುತ್ತಾನೆ. ಲಕ್ಷ್ಮೀಶ ಕವಿಯ 'ಜೈಮಿನಿ ಭಾರತ'ದಿಂದ ಈ ಕಥೆ ಕನ್ನಡದ ಮನೆಮನೆಗೆ ಹೋಯಿತು. ಆಮೇಲೆ 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ' ಚಿತ್ರ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್! ಅಣ್ಣಾವ್ರು ಅಣ್ಣಾವ್ರಿಗೇ ಸವಾಲು ಹಾಕುವ ಆ ಸಂಭಾಷಣೆ ಕೇಳಿ ಅಂತ ನಮಗೆ ಬರುವ ಕೋರಿಕೆಗಳಿಗೆ ಲೆಕ್ಕವಿಲ್ಲ. ಹಳೇ ಸಂಬಂಧ ಎದ್ದು ಬಂದು ಎದೆಗೆ ಬಾಣ ಬಿಡುವುದು ಅಂದರೆ ಇದು ತಾನೇ? ಆದ್ದರಿಂದ ಹುಡುಗಾ, "ಕನ್ನಡದಲ್ಲಿ ಯಾಕೆ ಬರಲ್ಲ" ಅನ್ನಬೇಡ.

'ಸೌಭದ್ರ'ದಿಂದ ಕನ್ನಡಕ್ಕೆ ಏನು ಬಂತು ಅಂದರೆ, ಮೊದಲಿಗೆ ನಷ್ಟ. ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗಿನ ತನಕ ಬಂದು ಕ್ಯಾಂಪು ಹಾಕಿದವು. ಕನ್ನಡದ ಜನ ದುಡ್ಡು ಕೊಟ್ಟು ಮರಾಠಿ ನಾಟಕ ನೋಡಿದರು. ಇದನ್ನು ಕಂಡು ಕುದಿದವರು ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು. ಶಾಲಾ ಮೇಷ್ಟರು. 'ಶಾಕುಂತಲ' ಬರುವುದಕ್ಕೂ ಮೊದಲೇ, 1870ರ ದಶಕದಲ್ಲಿ, ಗದಗಿನಲ್ಲಿ ಮಂಡಳಿ ಕಟ್ಟಿ 'ಉಷಾಹರಣ' ಆಡಿಸಿದರು. ಕನಸಿನಲ್ಲಿ ಕಂಡ ಹುಡುಗನಿಗೆ ಮನಸೋತ ಉಷೆ, ಚಿತ್ರ ಬರೆದು ಅವನನ್ನು ಗುರುತು ಹಿಡಿದು ಎತ್ತಿಕೊಂಡು ಬರುವ ಗೆಳತಿ ಚಿತ್ರಲೇಖೆ, ಆಮೇಲೆ ಬಾಣಾಸುರನ ಯುದ್ಧ. ಇಲ್ಲಿ ಹುಡುಗಿಯೇ ಹುಡುಗನನ್ನು ಹಾರಿಸುತ್ತಾಳೆ! ಕನ್ನಡ ವೃತ್ತಿರಂಗಭೂಮಿ ಕಣ್ಣು ಬಿಟ್ಟದ್ದೇ ಪ್ರೇಮ ಮತ್ತು ಹೊಡೆದಾಟ ಬೆರೆತ ಇಂಥ ಕಥೆಯಿಂದ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಇನ್ನೊಂದು ಕಡೆ ಕೊಡುಕೊಳ್ಳುವಿಕೆಯೂ ನಡೆಯಿತು. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಸುಭದ್ರೆಯಾಗಿ ಹಾಡಿ ಹೆಸರು ಮಾಡಿ, ಸವಾಯಿ ಗಂಧರ್ವರಾದರು. 1952ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಅವರ ಶಿಷ್ಯ, ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಗುರುವಿನ ಹೆಸರಿನಲ್ಲಿ ಶುರು ಮಾಡಿದ ಸಂಗೀತೋತ್ಸವಕ್ಕೆ ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ನೀವೂ ಹೋಗಿರುತ್ತೀರಿ.

ಕೊನೆಗೆ, ಆ ಫೋನು ಮಾಡಿದ ಹಿರಿಯರ ಮಾತು. ತಪ್ಪು ತಿದ್ದಿ ಇಟ್ಟುಬಿಡಲಿಲ್ಲ ಅವರು. ಆಮೇಲೆ ಹಾಡುಗಳ ನಡುವೆ ಇನ್ನೂ ಮಾತಾಡಿದರು, ಹೆಸರು ಬೇಡ ಅಂದರು, ಕಥೆ ಬರೆಯಲು ಒಪ್ಪಿದರು. ಅರವತ್ತರ ದಶಕದ ಕೊನೆಗೆ ಬೆಳಗಾವಿ ಕಡೆಯಿಂದ ಖಡಕಿಗೆ ಕೆಲಸಕ್ಕೆ ಬಂದವರು. ಸದಾಶಿವ ಪೇಠೆಯ ಮರಾಠಿ ಹುಡುಗಿಯನ್ನು ಮೆಚ್ಚಿದರು. ಅವಳಿಗೆ ಬೇರೆ ಕಡೆ ಮಾತುಕತೆಯಾಗಿ, ಅಡಿಕೆ ತಾಂಬೂಲವೂ ಬದಲಾಗಿತ್ತಂತೆ. ಅದನ್ನು ಮುರಿದು ಇಬ್ಬರೂ ರಿಜಿಸ್ಟರ್ ಮದುವೆಯಾದರು. ಮಾವ ಎರಡು ವರ್ಷ ಮಾತು ಬಿಟ್ಟರು. ಆಗಿನ್ನೂ ಹೊಸದಾಗಿ ಬಾಲಗಂಧರ್ವ ರಂಗಮಂದಿರ ಕಟ್ಟಿದ್ದರು, 1968ರಲ್ಲಿ ಬಾಗಿಲು ತೆರೆದದ್ದು. ಅಲ್ಲಿ 'ಸೌಭದ್ರ' ಇದೆ ಅಂತ ಗಂಡ ಹೆಂಡತಿ ಹೋಗಿದ್ದಾರೆ. ಬಲರಾಮ ಸನ್ಯಾಸಿಗೆ ಕೈಮುಗಿಯುವ ದೃಶ್ಯಕ್ಕೆ ಇವರ ಹೆಂಡತಿ ಜೋರಾಗಿ ನಕ್ಕಳು. ಎರಡು ಸಾಲು ಹಿಂದಿನಿಂದ ಅದೇ ಥರದ ಇನ್ನೊಂದು ನಗು ಕೇಳಿತು. ತಿರುಗಿ ನೋಡಿದರೆ ಮಾವ.

ಮಧ್ಯಂತರದಲ್ಲಿ ಬಟಾಟೆ ವಡೆಯ ಸಾಲಿನಲ್ಲಿ ಮೂವರೂ ಒಬ್ಬರ ಹಿಂದೊಬ್ಬರು ನಿಂತಿದ್ದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ವಡೆ ಕೈಗೆ ಬಂದ ಮೇಲೆ ಮಾವ ಅಳಿಯನ ಕಡೆ ತಿರುಗಿ ಕೇಳಿದ್ದು ಇಷ್ಟೇ ಅಂತೆ: "ನಿಮ್ಮ ಕಾನಡಿಯಲ್ಲಿ ಈ ನಾಟಕ ಇದೆಯೇನು?"

"ನೀವೇನು ಅಂದ್ರಿ?" ಅಂತ ನಾನು ಕೇಳಿದೆ.

"ಬರದಾಂವ ನಮ್ಮೂರ ಕಡೇವಾನ ಅದಾನ್ರೀ ಮಾಮಾ ಅಂದೆ. ಅವರು ನಂಬಲಿಲ್ಲ ತಂಗಿ. ಮನೀಗೆ ಬಾ, ಪುಸ್ತಕ ತೆಗೆದು ನೋಡೋಣು ಅಂದ್ರು."